ಶಾಲೆಗೆ ಹಣ ಹಾಕುವ ಮುನ್ನ: ಲಾಭ ಯಾರ ಹೆಸರಿನಲ್ಲಿ ಹುಟ್ಟುತ್ತದೆ?

ಹಣಕಾಸು ಪ್ರಶ್ನೋತ್ತರ

ಶಾಲೆ, ಪ್ರಿಸ್ಕೂಲ್, ಕೋಚಿಂಗ್ ಕೇಂದ್ರ ಮತ್ತು ಆನ್‌ಲೈನ್ ಶಿಕ್ಷಣ ಕಂಪನಿಗಳಲ್ಲಿ ಹಣ ತೊಡಗಿಸುವ ಬಗ್ಗೆ ಬಂದಿರುವ ಪತ್ರಗಳಲ್ಲಿ ಆರನ್ನು ಆರಿಸಿ ಈ ಸಂಚಿಕೆಯಲ್ಲಿ ಒಟ್ಟಿಗೆ ಉತ್ತರಿಸಿದ್ದೇವೆ. ಬರೆದವರ ಹೆಸರನ್ನೂ ಅವರು ಪ್ರಸ್ತಾಪಿಸಿರುವ ಸಂಸ್ಥೆಗಳ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ನಾನು ನಿವೃತ್ತ ಉಪನ್ಯಾಸಕ. ನಮ್ಮ ಊರಿನ ಹತ್ತಿರ ಸಿಬಿಎಸ್‌ಇ ಶಾಲೆ ನಡೆಸುತ್ತಿರುವ ಪರಿಚಿತರೊಬ್ಬರು, 25 ಲಕ್ಷ ರೂಪಾಯಿ ಕೊಟ್ಟರೆ ನನ್ನನ್ನು ಟ್ರಸ್ಟಿಯಾಗಿ ಸೇರಿಸಿಕೊಂಡು ಪ್ರತಿ ವರ್ಷ ಲಾಭದಲ್ಲಿ ಶೇ 10ರ ಪಾಲು ಕೊಡುವುದಾಗಿ ಹೇಳುತ್ತಿದ್ದಾರೆ. ಶಾಲೆಗೆ ಒಳ್ಳೆಯ ಹೆಸರಿದೆ, ಮಕ್ಕಳ ಸಂಖ್ಯೆಯೂ ಚೆನ್ನಾಗಿದೆ. ಹಣ ತೊಡಗಿಸಬಹುದೇ?
– ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಮಾನ್ಯರೇ, ನಿಮ್ಮ ಪರಿಚಿತರು ಕೊಡುತ್ತೇನೆ ಎನ್ನುತ್ತಿರುವ ಪಾಲನ್ನು ಕೊಡುವ ಅಧಿಕಾರ ಅವರಿಗೇ ಇಲ್ಲ. ಸಿಬಿಎಸ್‌ಇ ಮಾನ್ಯತೆ ಬೇಕಾದರೆ ಖಾಸಗಿ ಶಾಲೆಯನ್ನು ನೋಂದಾಯಿತ ಟ್ರಸ್ಟ್, ಸೊಸೈಟಿ ಅಥವಾ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಅಡಿಯ ಲಾಭರಹಿತ ಕಂಪನಿ ನಡೆಸಬೇಕು. ಈ ಮೂರರಲ್ಲಿ ಯಾವುದರಲ್ಲೂ ಷೇರು ಬಂಡವಾಳಕ್ಕೆ ಲಾಭಾಂಶ ಎಂಬುದಿಲ್ಲ. ವರ್ಷದ ಕೊನೆಯಲ್ಲಿ ಉಳಿಕೆ ಆಗಬಹುದು, ಆಗಬೇಕು ಕೂಡ. ಆದರೆ ಆ ಉಳಿಕೆ ಶಾಲೆಯ ಕಟ್ಟಡ, ಪ್ರಯೋಗಾಲಯ, ಶಿಕ್ಷಕರ ಸಂಬಳ ಇತ್ಯಾದಿಗೆ ಹಿಂತಿರುಗಬೇಕೇ ಹೊರತು ಟ್ರಸ್ಟಿಗಳ ನಡುವೆ ಹಂಚಿಕೆಯಾಗುವಂತಿಲ್ಲ.

ಈ ವಿಷಯದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ರೂಪುಗೊಂಡದ್ದು ನಮ್ಮ ರಾಜ್ಯದ ಮೊಕದ್ದಮೆಗಳಿಂದಲೇ ಎಂಬುದು ಗಮನಿಸಬೇಕಾದ ಸಂಗತಿ. ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜೊಂದು ಕೇಳಿದ ಭಾರಿ ಶುಲ್ಕವನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಕ್ಯಾಪಿಟೇಶನ್ ಶುಲ್ಕ (ಸೀಟು ಕೊಡಲು ಕೇಳುವ ಹೆಚ್ಚುವರಿ ಹಣ) ಸಂವಿಧಾನಕ್ಕೆ ವಿರುದ್ಧ ಎಂದಿತು. ಹತ್ತು ವರ್ಷಗಳ ಬಳಿಕ, 2002ರ ಅಕ್ಟೋಬರ್ 31ರಂದು, ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠವು, ವಿದ್ಯಾಸಂಸ್ಥೆ ಕಟ್ಟಿ ನಡೆಸುವುದು ಸಂವಿಧಾನ ಮಾನ್ಯ ಮಾಡಿರುವ ಒಂದು ವೃತ್ತಿ, ಸಂಸ್ಥೆಯ ಬೆಳವಣಿಗೆಗೆ ಬೇಕಾದ ನ್ಯಾಯಯುತ ಉಳಿಕೆಗೆ ಅಡ್ಡಿಯಿಲ್ಲ, ಆದರೆ ಲಾಭಕೋರತನಕ್ಕೆ ಅವಕಾಶವಿಲ್ಲ ಎಂದು ಹೇಳಿತು. 2022ರ ಅಕ್ಟೋಬರ್‌ನಲ್ಲಿ ನ್ಯೂ ನೋಬಲ್ ಎಜುಕೇಶನಲ್ ಸೊಸೈಟಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಬಿಗಿಯಾಗಿ ನುಡಿಯಿತು: ಆದಾಯ ತೆರಿಗೆಯಿಂದ ವಿನಾಯಿತಿ ಬೇಕೆನ್ನುವ ವಿದ್ಯಾಸಂಸ್ಥೆಯ ಏಕೈಕ ಉದ್ದೇಶ ಶಿಕ್ಷಣವೇ ಆಗಿರಬೇಕು, ಲಾಭವೇ ಗುರಿಯಾಗಿದ್ದರೆ ವಿನಾಯಿತಿ ಇಲ್ಲ. ಟ್ರಸ್ಟಿನ ಹಣದಿಂದ ಟ್ರಸ್ಟಿಗಳಿಗೋ ಅವರ ಬಂಧುಗಳಿಗೋ ಪ್ರಯೋಜನ ಆಗಿದೆ ಎಂದು ಕಂಡುಬಂದರೂ ವಿನಾಯಿತಿ ಕೈತಪ್ಪುತ್ತದೆ. ಅಂದರೆ ನಿಮಗೆ ಕೊಡುವ ಆ ಶೇ 10 ಕಾಗದದ ಮೇಲೆ ಬಂದ ದಿನವೇ ಶಾಲೆಗೆ ಕುತ್ತು. ಕಾಗದದ ಮೇಲೆ ಬಾರದೆ ಕೈಯಿಂದ ಕೈಗೆ ನಗದಾಗಿ ಬಂದರೆ ಕುತ್ತು ನಿಮಗೆ.

ಟ್ರಸ್ಟಿ ಸ್ಥಾನವೂ ಆಸ್ತಿಯಲ್ಲ. ಅದನ್ನು ಮಾರಲಾಗದು, ಮಗಳಿಗೆ ಉಯಿಲು ಬರೆಯಲಾಗದು. ಭಿನ್ನಾಭಿಪ್ರಾಯ ಬಂದರೆ ಬಹುಮತದ ಟ್ರಸ್ಟಿಗಳು ಟ್ರಸ್ಟ್ ಪತ್ರದಲ್ಲಿರುವ (ಡೀಡ್) ನಿಯಮದಂತೆ ನಿಮ್ಮನ್ನು ಕೈಬಿಡಬಹುದು. ಆಗ ನೀವು ಕೊಟ್ಟ 25 ಲಕ್ಷ ಲೆಕ್ಕಪುಸ್ತಕದಲ್ಲಿ ದೇಣಿಗೆ ಎಂದು ನಮೂದಾಗಿದ್ದರೆ ಮರಳಿ ಕೇಳುವ ಹಕ್ಕು ಉಳಿಯುವುದಿಲ್ಲ. ಊರಿನ ಶಾಲೆಗೆ ದೇಣಿಗೆಯೆಂದೇ ಕೊಡುವ ಮನಸ್ಸಿದ್ದರೆ ಅದು ದೊಡ್ಡ ಮಾತು. ಆದರೆ ನಿವೃತ್ತಿಯ ಹಣವನ್ನು ಆದಾಯಕ್ಕಾಗಿ ಇಡುವ ಜಾಗ ಇದಲ್ಲ.

ಹಾಗಾದರೆ ಶಾಲೆಗಳಲ್ಲಿ ದೊಡ್ಡ ಹೂಡಿಕೆದಾರರು ಹೇಗೆ ಹಣ ತೊಡಗಿಸುತ್ತಿದ್ದಾರೆ ಎಂದು ನೀವು ಕೇಳಬಹುದು. ಅವರು ಶಾಲೆಯಲ್ಲಿ ತೊಡಗಿಸುವುದಿಲ್ಲ, ಶಾಲೆಯ ಪಕ್ಕದಲ್ಲಿ ನಿಂತ ಕಂಪನಿಯಲ್ಲಿ ತೊಡಗಿಸುತ್ತಾರೆ. ಜಮೀನು ಮತ್ತು ಕಟ್ಟಡ ಒಂದು ಖಾಸಗಿ ಕಂಪನಿಯ ಹೆಸರಿನಲ್ಲಿರುತ್ತದೆ. ಟ್ರಸ್ಟ್ ಅದಕ್ಕೆ ಬಾಡಿಗೆ ಕಟ್ಟುತ್ತದೆ. ಪಠ್ಯಕ್ರಮ, ಶಿಕ್ಷಕರ ತರಬೇತಿ, ಬ್ರ್ಯಾಂಡ್ ಹೆಸರು, ಸಾಫ್ಟ್‌ವೇರ್ ಇವೆಲ್ಲಕ್ಕೂ ಟ್ರಸ್ಟ್ ಇನ್ನೊಂದು ಕಂಪನಿಗೆ ಸೇವಾ ಶುಲ್ಕ ಕೊಡುತ್ತದೆ. ಲಾಭ ಹುಟ್ಟುವುದು ಅಲ್ಲಿ. ಬಾಡಿಗೆ ಆ ಪ್ರದೇಶದ ಮಾರುಕಟ್ಟೆ ದರಕ್ಕೆ ಹೊಂದಿಕೊಂಡಿದ್ದು, ಸೇವೆ ನಿಜವಾಗಿಯೂ ನಡೆಯುತ್ತಿದ್ದರೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಟ್ರಸ್ಟಿನ ಅಧ್ಯಕ್ಷರೂ ಕಂಪನಿಯ ನಿರ್ದೇಶಕರೂ ಒಂದೇ ಮನೆಯವರಾಗಿದ್ದು, ಶಾಲೆಗೆ ಎಷ್ಟು ಉಳಿಯಿತೋ ಬಾಡಿಗೆ ಅಷ್ಟೇ ಏರುತ್ತಾ ಹೋದರೆ, ತೆರಿಗೆ ಅಧಿಕಾರಿಯ ಕಣ್ಣಿಗೆ ಮೊದಲು ಬೀಳುವುದು ಅದೇ. ಅಲ್ಲದೆ ಕಂಪನಿಗೆ ಗ್ರಾಹಕರು ಒಬ್ಬರೇ, ಅದು ಆ ಟ್ರಸ್ಟ್. ಅದು ನಿಲ್ಲಿಸಿದರೆ ಶಾಲೆಗೆಂದೇ ಕಟ್ಟಿದ ಕಟ್ಟಡಕ್ಕೆ ಬೇರೆ ಬಾಡಿಗೆದಾರ ಸಿಗುವುದು ಕಷ್ಟ.

ನಿಮ್ಮ ಪರಿಚಿತರು ಮುಂದೆ ಇಂಥ ಕಂಪನಿಯಲ್ಲಿ ಷೇರು ಕೊಡುವುದಾಗಿ ಹೇಳಿದರೆ, ಮೊದಲು ಜಮೀನಿನ ಕಾಗದ ಕೇಳಿ. ಕೃಷಿ ಭೂಮಿಯಾಗಿದ್ದರೆ ಭೂಪರಿವರ್ತನೆಯ ಆದೇಶ ಇದೆಯೇ, ಖಾತೆ ಯಾರ ಹೆಸರಿನಲ್ಲಿದೆ, ಬ್ಯಾಂಕಿನ ಅಡಮಾನ ಎಷ್ಟಿದೆ ಎಂಬುದನ್ನು ನೋಡಿ. ಬೆಂಗಳೂರಿನಲ್ಲಿ ಎಷ್ಟೋ ಶಾಲೆಗಳು ನಿಂತಿರುವುದು ಬಿಡಿಎ ಗುತ್ತಿಗೆಗೆ ಕೊಟ್ಟ ಸಿ.ಎ. (ನಾಗರಿಕ ಸೌಲಭ್ಯ) ನಿವೇಶನಗಳ ಮೇಲೆ, ಆ ಜಾಗ ಸಂಸ್ಥೆಯ ಸ್ವತ್ತಲ್ಲ, ಷರತ್ತು ಮುರಿದರೆ ಗುತ್ತಿಗೆಯೂ ಇಲ್ಲ. ಶಾಲೆಯ ಮಾನ್ಯತಾ ಸಂಖ್ಯೆಯನ್ನು ಸಿಬಿಎಸ್‌ಇ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ. ಫಲಕದ ಮೇಲೆ ಬರೆದಿರುವುದಕ್ಕೂ ಅಲ್ಲಿರುವುದಕ್ಕೂ ವ್ಯತ್ಯಾಸ ಇರುವ ಶಾಲೆಗಳು ಇವೆ.

ಪ್ರಶ್ನೆ: ದುಬೈನಲ್ಲಿ ಶಾಲೆಗಳು ಬಹಿರಂಗವಾಗಿ ಲಾಭಕ್ಕಾಗಿಯೇ ನಡೆಯುತ್ತವೆ, ಅವುಗಳ ಷೇರು ಕೂಡ ಮಾರುಕಟ್ಟೆಯಲ್ಲಿ ಸಿಗುತ್ತದೆ. ಭಾರತದ ಗೊಂದಲಕ್ಕಿಂತ ಇಲ್ಲಿಯೇ ಹೂಡಿಕೆ ಸುರಕ್ಷಿತವಲ್ಲವೇ?
– ಕರಾವಳಿ ಮೂಲದ ಓದುಗರು, ದುಬೈ

ಉತ್ತರ: ಲಾಭ ಯಾರ ಹೆಸರಿನಲ್ಲಿ ಹುಟ್ಟುತ್ತದೆ ಎಂಬ ಪ್ರಶ್ನೆಗೆ ನಿಮ್ಮಲ್ಲಿ ನೇರ ಉತ್ತರ ಇದೆ ಎಂಬುದು ನಿಜ. ಅಲ್ಲಿ ಶಾಲೆಗಳನ್ನು ನಡೆಸುವ ತಾಲೀಮ್ ಕಂಪನಿ 2022ರ ನವೆಂಬರ್‌ನಲ್ಲಿ ತಲಾ 3 ದಿರ್ಹಮ್‌ಗೆ ಷೇರು ಮಾರಿ ದುಬೈ ಷೇರುಪೇಟೆಗೆ ಬಂದಿತು. ಶಾಲೆಯ ಲಾಭ ಕಂಪನಿಯದು, ಕಂಪನಿಯ ಲಾಭ ಷೇರುದಾರರದು. ಆದರೆ ಲಾಭ ಮಾಡಲು ಬಿಟ್ಟ ಸರ್ಕಾರವೇ ಶುಲ್ಕ ಏರಿಸುವ ಹಗ್ಗವನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿದೆ. ದುಬೈನ ಶಿಕ್ಷಣ ಪ್ರಾಧಿಕಾರವು ಶಾಲೆ ನಡೆಸುವ ವೆಚ್ಚದ ಸೂಚ್ಯಂಕವನ್ನು ಲೆಕ್ಕ ಹಾಕಿ ಪ್ರತಿ ವರ್ಷ ಮಿತಿ ಪ್ರಕಟಿಸುತ್ತದೆ. 2024–25ಕ್ಕೆ ಅದು ಶೇ 2.6 ಇತ್ತು, 2025–26ಕ್ಕೆ ಶೇ 2.35. ಶಿಕ್ಷಕರ ಸಂಬಳ ಅದಕ್ಕಿಂತ ವೇಗವಾಗಿ ಏರಿದ ವರ್ಷ ಲಾಭ ಕರಗುತ್ತದೆ. ಹೊಸ ಶಾಲೆ ತೆರೆದ ಮೇಲೆ ತರಗತಿಗಳು ಕೆಳಗಿನಿಂದ ಮೇಲಕ್ಕೆ ತುಂಬಲು ವರ್ಷಗಳೇ ಬೇಕು. ಅಷ್ಟೂ ವರ್ಷ ಪೂರ್ತಿ ಕಟ್ಟಡದ ಖರ್ಚು ಇದ್ದೇ ಇರುತ್ತದೆ. ವಲಸಿಗ ಕುಟುಂಬಗಳ ಮೇಲೆಯೇ ನಿಂತ ದಾಖಲಾತಿಯಾದ್ದರಿಂದ ಉದ್ಯೋಗ ಮಾರುಕಟ್ಟೆ ಕುಸಿದರೆ ತರಗತಿಗಳೂ ಖಾಲಿಯಾಗುತ್ತವೆ. ಹಾಗೆ ಕುಸಿದರೆ ನಿಮ್ಮ ಸಂಬಳ ಮತ್ತು ನಿಮ್ಮ ಷೇರು ಎರಡೂ ಒಟ್ಟಿಗೇ ಪೆಟ್ಟು ತಿನ್ನುತ್ತವೆ. ನೀವು ಮೊದಲು ಯೋಚಿಸಬೇಕಾದದ್ದು ಇದನ್ನು.

ಪ್ರಶ್ನೆ: ಮಗಳು ಮತ್ತು ನಾನು ಸೇರಿ ಪ್ರಸಿದ್ಧ ಬ್ರ್ಯಾಂಡ್‌ನ ಪ್ರಿಸ್ಕೂಲ್ ಫ್ರಾಂಚೈಸಿ ತೆಗೆದುಕೊಳ್ಳಬೇಕೆಂದಿದ್ದೇವೆ. ಒಳಾಂಗಣ ಮತ್ತು ಪ್ರವೇಶ ಶುಲ್ಕ ಸೇರಿ 12 ಲಕ್ಷ ರೂಪಾಯಿ ಬೇಕು, ಶುಲ್ಕದ ಶೇ 15 ರಾಯಲ್ಟಿ. ಎರಡು ವರ್ಷದಲ್ಲಿ ಹಾಕಿದ ಹಣ ಕೈಗೆ ಬರುತ್ತದೆ ಎಂದು ಕಂಪನಿಯ ಪ್ರತಿನಿಧಿ ಹೇಳುತ್ತಾರೆ. ನಿಜವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಪ್ರಿಸ್ಕೂಲನ್ನು ಖಾಸಗಿ ವ್ಯಕ್ತಿಗಳೂ ಕಂಪನಿಗಳೂ ವ್ಯಾಪಾರವಾಗಿಯೇ ನಡೆಸುತ್ತಿರುವುದರಿಂದ ಮೇಲಿನ ಟ್ರಸ್ಟ್ ತೊಡಕು ನಿಮಗೆ ಅಷ್ಟಾಗಿ ಇಲ್ಲ. ನಿಮ್ಮ ತೊಡಕು ಲೆಕ್ಕದ್ದು. ನೀವು ಕಳಿಸಿದ ಅಂಕಿಗಳನ್ನೇ ಇಟ್ಟುಕೊಂಡು ನೋಡೋಣ. ವರ್ಷಕ್ಕೆ 35 ಸಾವಿರ ರೂಪಾಯಿಯಂತೆ 60 ಮಕ್ಕಳಾದರೆ ಶುಲ್ಕ 21 ಲಕ್ಷ. ರಾಯಲ್ಟಿ 3.15 ಲಕ್ಷ. ಅದರ ಮೇಲೆ ಶೇ 18ರ ಜಿಎಸ್‌ಟಿ ಸುಮಾರು 57 ಸಾವಿರ. ಇದನ್ನು ಪ್ರತಿನಿಧಿ ನಿಮಗೆ ಹೇಳಿದಂತಿಲ್ಲ. ಪ್ರಿಸ್ಕೂಲ್ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ನೀವು ರಾಯಲ್ಟಿಯ ಮೇಲೆ ಕಟ್ಟಿದ ತೆರಿಗೆಯನ್ನು ಬೇರೆಲ್ಲೂ ಹೊಂದಿಸಿಕೊಳ್ಳಲಾಗದೆ ಅದು ನೇರ ಖರ್ಚಾಗಿಯೇ ಉಳಿಯುತ್ತದೆ. 12 ಸಾವಿರ ಸಂಬಳದ ನಾಲ್ವರು ಶಿಕ್ಷಕಿಯರಿಗೆ ವರ್ಷಕ್ಕೆ 5.76 ಲಕ್ಷ, 9 ಸಾವಿರದ ಇಬ್ಬರು ಆಯಾಗಳಿಗೆ 2.16 ಲಕ್ಷ, ತಿಂಗಳಿಗೆ 30 ಸಾವಿರದಂತೆ ಬಾಡಿಗೆ 3.6 ಲಕ್ಷ, ವಿದ್ಯುತ್, ಸಾಮಗ್ರಿ, ದುರಸ್ತಿಗೆ 1.8 ಲಕ್ಷ, ಪ್ರಚಾರಕ್ಕೆ 1 ಲಕ್ಷ. ಎಲ್ಲ ಕಳೆದು ಉಳಿಯುವುದು ಮೂರು ಲಕ್ಷಕ್ಕೆ ತುಸು ಕಡಿಮೆ. ಮಗಳು ಇಡೀ ವರ್ಷ ದುಡಿದದ್ದಕ್ಕೆ ಸಂಬಳವನ್ನೂ ಇದರಲ್ಲೇ ತೆಗೆಯಬೇಕು.

ಇನ್ನು ಮಕ್ಕಳು 40 ಮಾತ್ರ ಸೇರಿದರು ಎನ್ನೋಣ. ಮೊದಲ ವರ್ಷಕ್ಕೆ ಇದೇ ಒಳ್ಳೆಯ ಸಂಖ್ಯೆ. ಶುಲ್ಕ 14 ಲಕ್ಷಕ್ಕೆ ಇಳಿಯುತ್ತದೆ, ರಾಯಲ್ಟಿಯೂ ಇಳಿಯುತ್ತದೆ, ಆದರೆ ಶಿಕ್ಷಕಿಯರು, ಆಯಾಗಳು, ಬಾಡಿಗೆ ಇಳಿಯುವುದಿಲ್ಲ. ಸುಮಾರು 2.8 ಲಕ್ಷ ರೂಪಾಯಿ ನಷ್ಟ. ಲಾಭ–ನಷ್ಟ ಕೂಡಿಬರುವುದು ಅಂದಾಜು 50 ಮಕ್ಕಳಿಗೆ. ಎರಡು ವರ್ಷದಲ್ಲಿ 12 ಲಕ್ಷ ಮರಳಿ ಬರುತ್ತದೆ ಎಂಬ ಮಾತು ಈ ಲೆಕ್ಕದಲ್ಲಿ ಎಲ್ಲಿಯೂ ಕೂರುವುದಿಲ್ಲ. ಫ್ರಾಂಚೈಸಿ ಕೊಡುವ ಕಂಪನಿಗೆ ಮಾತ್ರ ನಿಮಗೆ ನಷ್ಟವಾದ ವರ್ಷವೂ ರಾಯಲ್ಟಿ ಬರುತ್ತದೆ, ಏಕೆಂದರೆ ಅದು ಲಾಭದ ಮೇಲಲ್ಲ, ಶುಲ್ಕದ ಮೇಲೆ.

ಇದರ ಜೊತೆಗೆ ಸರ್ಕಾರದ ನಿರ್ಧಾರಗಳು. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿತು. 2025–26ಕ್ಕೆ ಅದು ಜಾರಿಗೆ ಬರುವ ಹೊತ್ತಿಗೆ ಪೋಷಕರ ಒತ್ತಾಯಕ್ಕೆ ಮಣಿದು ಆ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಇಂಥ ಒಂದು ಸಾಲಿನ ಆದೇಶದಿಂದ ನಿಮ್ಮ ಯುಕೆಜಿ ಕೊಠಡಿ ಒಂದು ವರ್ಷ ತುಂಬಿ ತುಳುಕಬಹುದು, ಮರುವರ್ಷ ಅರ್ಧ ಖಾಲಿಯಾಗಬಹುದು. ಸರ್ಕಾರಿ ಶಾಲೆಗಳಲ್ಲೂ ಅಂಗನವಾಡಿಗಳಲ್ಲೂ ಎಲ್‌ಕೆಜಿ, ಯುಕೆಜಿ ತೆರೆಯುತ್ತಿರುವುದು ಮಕ್ಕಳ ದೃಷ್ಟಿಯಿಂದ ಬಹಳ ಒಳ್ಳೆಯ ಕೆಲಸ. ನಿಮ್ಮ ಬಡಾವಣೆಯಲ್ಲಿ ಅದು ಆಗಿದೆಯೇ ಎಂದು ವಿಚಾರಿಸಿಕೊಳ್ಳಿ. ದೊಡ್ಡ ಕಂಪನಿಗಳಿಗೂ ಈ ವ್ಯಾಪಾರ ಸುಲಭವಾಗಿಲ್ಲ. 2011ರಲ್ಲಿ ಷೇರುಪೇಟೆಗೆ ಬಂದ ಪ್ರಿಸ್ಕೂಲ್ ಕಂಪನಿ ಟ್ರೀ ಹೌಸ್, ಕೆಲವೇ ವರ್ಷಗಳಲ್ಲಿ ಸಾಲು ಸಾಲಾಗಿ ಕೇಂದ್ರಗಳನ್ನು ಮುಚ್ಚಬೇಕಾಯಿತು. ಇನ್ನೊಂದು ಶಿಕ್ಷಣ ಕಂಪನಿ ಜೀ ಲರ್ನ್ ಜೊತೆ ವಿಲೀನವಾಗುವ ಪ್ರಯತ್ನವೂ ಮುರಿದುಬಿತ್ತು.

ಮಗಳಿಗೆ ಮಾಂಟೆಸ್ಸರಿ ಅಥವಾ ನರ್ಸರಿ ಶಿಕ್ಷಕಿಯ ತರಬೇತಿ ಆಗಿದ್ದರೆ, ಸ್ವಂತ ಮನೆಯ ಕೆಳಮಹಡಿಯಲ್ಲಿ ಬ್ರ್ಯಾಂಡ್ ಇಲ್ಲದೆ 20 ಮಕ್ಕಳಿಂದ ಆರಂಭಿಸುವುದು ಹೇಗಾಗುತ್ತದೆ ಎಂದು ಇದೇ ಬಗೆಯ ಲೆಕ್ಕ ಹಾಕಿ ನೋಡಿ. ಬಾಡಿಗೆ ಮತ್ತು ರಾಯಲ್ಟಿ ಎರಡೂ ಇಲ್ಲದಿದ್ದರೆ ಚಿತ್ರ ಬೇರೆಯೇ ಆಗುತ್ತದೆ. ಫ್ರಾಂಚೈಸಿಯೇ ಬೇಕೆನಿಸಿದರೆ, ಕರಾರನ್ನು ಮಧ್ಯದಲ್ಲಿ ಬಿಟ್ಟರೆ ಪ್ರವೇಶ ಶುಲ್ಕ ಎಷ್ಟು ಮರಳುತ್ತದೆ, ಎಷ್ಟು ದೂರದೊಳಗೆ ಇನ್ನೊಬ್ಬರಿಗೆ ಕೇಂದ್ರ ಕೊಡುವುದಿಲ್ಲ ಎಂಬ ಎರಡು ಅಂಶಗಳನ್ನು ಬರಹದಲ್ಲಿ ಪಡೆಯದೆ ಸಹಿ ಹಾಕಬೇಡಿ.

ಪ್ರಶ್ನೆ: ಮಗ ನೀಟ್ ಕೋಚಿಂಗ್‌ಗೆ ಹೋಗುತ್ತಿದ್ದಾನೆ. ಒಂದೊಂದು ಬ್ಯಾಚಿನಲ್ಲೂ ಕೂರಲು ಜಾಗವಿಲ್ಲ, ಶುಲ್ಕವನ್ನು ಮುಂಗಡವಾಗಿಯೇ ಕಟ್ಟಿದ್ದೇವೆ. ಇಷ್ಟು ಬೇಡಿಕೆ ಇರುವ ವ್ಯಾಪಾರದ ಷೇರು ಕೊಂಡರೆ ನಷ್ಟವಾಗುವುದು ಹೇಗೆ? ಫಿಸಿಕ್ಸ್‌ವಾಲಾ ಷೇರು ಬಂದಾಗಿನಿಂದ ಯೋಚಿಸುತ್ತಿದ್ದೇನೆ.
– ಗೃಹಿಣಿ, ಮೈಸೂರು

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿರುವ ‘ಮುಂಗಡವಾಗಿ’ ಎಂಬ ಪದದ ಬಳಿಯೇ ಈ ಉದ್ಯಮದ ಬಲವೂ ಇದೆ, ಅಪಾಯವೂ ಇದೆ. ಎರಡು ವರ್ಷದ ಕೋರ್ಸಿಗೆ 2,40,000 ರೂಪಾಯಿ ಶುಲ್ಕ ಎಂದಿಟ್ಟುಕೊಳ್ಳಿ. ಕೋಚಿಂಗ್‌ಗೆ ಶೇ 18 ಜಿಎಸ್‌ಟಿ ಇರುವುದರಿಂದ ನೀವು ಕಟ್ಟುವುದು 2,83,200. ಅದರಲ್ಲಿ 43,200 ಸರ್ಕಾರದ್ದು. ಉಳಿದ 2,40,000 ಕಂಪನಿಯ ಬ್ಯಾಂಕ್ ಖಾತೆಗೆ ಏಪ್ರಿಲ್‌ನಲ್ಲೇ ಬಂದು ಬಿದ್ದರೂ, ಅದು ಗಳಿಕೆ ಆಗುವುದು ಪಾಠ ನಡೆದಂತೆಲ್ಲಾ ತಿಂಗಳಿಗೆ 10 ಸಾವಿರದಂತೆ. ಮೊದಲ ವರ್ಷದ ಕೊನೆಗೆ 1,20,000 ಮಾತ್ರ ಆದಾಯ. ಇನ್ನರ್ಧ ನಿಮ್ಮ ಮಗನಿಗೆ ಕಂಪನಿ ಸಲ್ಲಿಸಬೇಕಾದ ಋಣ, ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆಗಾರಿಕೆಯ ಕಡೆಗೆ ಬರೆಯಬೇಕಾದದ್ದು.

ಎಚ್ಚರದಿಂದ ನಡೆಯುವ ಕಂಪನಿ ಆ ಹಣವನ್ನು ಮುಂದಿನ ವರ್ಷದ ಶಿಕ್ಷಕರ ಸಂಬಳಕ್ಕೆ ಇಟ್ಟುಕೊಳ್ಳುತ್ತದೆ. ಬೆಳೆಯುವ ಆತುರದಲ್ಲಿರುವ ಕಂಪನಿ ಅದರಿಂದ ಹೊಸ ಊರಿನಲ್ಲಿ ಕಟ್ಟಡದ ಮುಂಗಡ ಕೊಟ್ಟು, ಟಿ.ವಿ. ಜಾಹೀರಾತು ಮಾಡಿ, ಮುಂದಿನ ಬ್ಯಾಚಿನ ಶುಲ್ಕದಿಂದ ಈ ಬ್ಯಾಚಿನ ಸಂಬಳ ಕೊಡಲು ತೊಡಗುತ್ತದೆ. ದಾಖಲಾತಿ ಏರುತ್ತಿರುವಷ್ಟು ದಿನ ಇದು ಹೊರಗಿನವರಿಗೆ ಕಾಣುವುದಿಲ್ಲ. ಒಂದು ವರ್ಷ ದಾಖಲಾತಿ ಕುಸಿದರೆ ಸಂಬಳ ನಿಲ್ಲುತ್ತದೆ, ಶಿಕ್ಷಕರು ಬಿಟ್ಟು ಹೋಗುತ್ತಾರೆ, ಶಿಕ್ಷಕರು ಹೋದರೆಂದು ಮಕ್ಕಳೂ ಹೋಗುತ್ತಾರೆ. 2025ರ ಜನವರಿಯಲ್ಲಿ ಉತ್ತರ ಭಾರತದ ಹಲವು ನಗರಗಳಲ್ಲಿ ಫಿಟ್‌ಜೀ ಎಂಬ ಕೋಚಿಂಗ್ ಕಂಪನಿಯ ಕೇಂದ್ರಗಳು ಇದ್ದಕ್ಕಿದ್ದಂತೆ ಬಾಗಿಲು ಹಾಕಿದಾಗ, ವರ್ಷದ ಶುಲ್ಕ ಕಟ್ಟಿದ್ದ ಪೋಷಕರು ಪೊಲೀಸ್ ಠಾಣೆಗೆ ಹೋಗಬೇಕಾಯಿತು. ಪರೀಕ್ಷೆಗೆ ಕೆಲವೇ ವಾರ ಇದ್ದ ಮಕ್ಕಳ ಪಾಡನ್ನು ಯಾವ ಲೆಕ್ಕಪತ್ರವೂ ತೋರಿಸುವುದಿಲ್ಲ.

ಆದ್ದರಿಂದ ಯಾವುದೇ ಕೋಚಿಂಗ್ ಕಂಪನಿಯ ಷೇರು ಕೊಳ್ಳುವ ಮುನ್ನ ವಾರ್ಷಿಕ ವರದಿಯಲ್ಲಿ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ಮುಂಗಡವಾಗಿ ಪಡೆದು ಇನ್ನೂ ಪಾಠ ಮಾಡಿರದ ಶುಲ್ಕ ಎಷ್ಟು, ಕೈಯಲ್ಲಿರುವ ನಗದು ಮತ್ತು ಬ್ಯಾಂಕ್ ಠೇವಣಿ ಎಷ್ಟು. ಎರಡನೆಯದು ಮೊದಲನೆಯದಕ್ಕಿಂತ ತೀರಾ ಕಡಿಮೆ ಇದ್ದರೆ ಮಕ್ಕಳ ಶುಲ್ಕ ಆಗಲೇ ಖರ್ಚಾಗಿದೆ ಎಂದರ್ಥ. ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ, 16 ವರ್ಷದೊಳಗಿನವರನ್ನು ಕೋಚಿಂಗ್‌ಗೆ ಸೇರಿಸಬಾರದು, ಮಧ್ಯದಲ್ಲಿ ಬಿಟ್ಟ ವಿದ್ಯಾರ್ಥಿಗೆ ಉಳಿದ ಅವಧಿಯ ಶುಲ್ಕವನ್ನು 10 ದಿನದೊಳಗೆ ಮರಳಿಸಬೇಕು ಎನ್ನುತ್ತದೆ. ಪೋಷಕರಾಗಿ ನಾವು ಅದನ್ನು ಸ್ವಾಗತಿಸಬೇಕು. ರಾಜ್ಯಗಳು ಅದನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದ ದಿನ ಮುಂಗಡವನ್ನು ಖರ್ಚು ಮಾಡಿಕೊಂಡಿರುವ ಕಂಪನಿಗಳು ಸಿಕ್ಕಿಬೀಳುತ್ತವೆ ಎಂಬುದನ್ನು ಷೇರುದಾರರು ತಿಳಿದಿರಬೇಕು.

ಹಣ ಬರಬೇಕಾದ್ದು ಬರದಿದ್ದರೂ ತೊಂದರೆಯೇ. ಎಜುಕಾಂಪ್ ಸೊಲ್ಯೂಷನ್ಸ್ 2006ರಲ್ಲಿ ಷೇರುಪೇಟೆಗೆ ಬಂದಾಗ ಅದರ ಕಥೆ ಎಲ್ಲರಿಗೂ ಇಷ್ಟವಾಗಿತ್ತು: ಶಾಲೆಯ ತರಗತಿಗಳಲ್ಲಿ ಡಿಜಿಟಲ್ ಫಲಕ ಕೂರಿಸುವುದು, ಶಾಲೆಗಳು ವರ್ಷಗಟ್ಟಲೆ ಕಂತಿನಲ್ಲಿ ಹಣ ಕಟ್ಟುವುದು. ಕಂಪನಿಯ ಪುಸ್ತಕದಲ್ಲಿ ಆದಾಯ ಏರುತ್ತಾ ಹೋಯಿತು. ಕಂತು ಕಟ್ಟಬೇಕಾದ ಶಾಲೆಗಳು ತಡ ಮಾಡುತ್ತಾ ಹೋದವು. ನಡುವಿನ ಅಂತರವನ್ನು ಬ್ಯಾಂಕ್ ಸಾಲ ತುಂಬಿತು. 2017ರಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಹೋಯಿತು.

ಮೂರನೆಯ ಅಪಾಯ ಸರ್ಕಾರದ್ದು ಮತ್ತು ಪರೀಕ್ಷೆಯದ್ದು. ಕರ್ನಾಟಕದ ವೈದ್ಯಕೀಯ ಸೀಟುಗಳಿಗೆ ಸಿಇಟಿ ಹೋಗಿ ನೀಟ್ ಬಂದಾಗ, ಪಿಯು ಪಠ್ಯಕ್ಕೆ ಹೊಂದಿಸಿಕೊಂಡಿದ್ದ ನಮ್ಮ ಊರುಗಳ ಎಷ್ಟೋ ಟ್ಯುಟೋರಿಯಲ್‌ಗಳು ಹಿಂದೆ ಬಿದ್ದವು. ಕಾಲೇಜಿನಲ್ಲೇ ನೀಟ್ ತರಬೇತಿ ಸೇರಿಸಿದ ದಕ್ಷಿಣ ಕನ್ನಡದ ಪಿಯು ಕಾಲೇಜುಗಳು ಮುಂದೆ ಬಂದವು. ಒಂದು ಪರೀಕ್ಷೆಯ ಸ್ವರೂಪದ ಮೇಲೆಯೇ ಕಂಪನಿಯ ಪೂರ್ತಿ ಆದಾಯ ನಿಂತಿರುವ ವ್ಯಾಪಾರ ಬೇರೆ ಹೆಚ್ಚು ಇಲ್ಲ. ಇನ್ನು ಸರ್ಕಾರವೊಂದು ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ಚೀನಾ ಇದೆ. 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ, ಶಾಲಾ ವಿಷಯಗಳ ಟ್ಯೂಷನ್ ಹೇಳುವ ಕಂಪನಿಗಳು ಲಾಭರಹಿತ ಸಂಸ್ಥೆಗಳಾಗಿ ಬದಲಾಗಬೇಕು, ಷೇರುಪೇಟೆಯಿಂದ ಬಂಡವಾಳ ಎತ್ತಬಾರದು ಎಂದಿತು. ಸುದ್ದಿ ಸೋರಿದ ಒಂದೇ ದಿನದಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಚೀನಾದ ಟ್ಯೂಷನ್ ಕಂಪನಿ ಟಾಲ್ ಎಜುಕೇಶನ್ ಷೇರು ಸುಮಾರು ಶೇ 70ರಷ್ಟು ಕುಸಿಯಿತು. ಭಾರತದಲ್ಲಿ ಹಾಗೆಯೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಮಕ್ಕಳ ಮೇಲಿನ ಒತ್ತಡ ಮತ್ತು ಪೋಷಕರ ಮೇಲಿನ ಹೊರೆಯಿಂದಲೇ ಗಳಿಸುವ ಉದ್ಯಮವನ್ನು ಯಾವ ಚುನಾಯಿತ ಸರ್ಕಾರವೂ ಬಹುಕಾಲ ಅದರ ಪಾಡಿಗೆ ಬಿಡುವುದಿಲ್ಲ, ಬಿಡಲೂಬಾರದು.

2025ರ ನವೆಂಬರ್‌ನಲ್ಲಿ 109 ರೂಪಾಯಿಗೆ ಷೇರು ಮಾರಿದ ಫಿಸಿಕ್ಸ್‌ವಾಲಾ ಕಂಪನಿಯನ್ನೂ ಇದೇ ಪ್ರಶ್ನೆಗಳಿಂದ ಅಳೆಯಿರಿ. ಮಗನ ತರಗತಿ ತುಂಬಿದೆ ಎಂಬುದು ಬೇಡಿಕೆಗೆ ಸಾಕ್ಷಿಯೇ ಹೊರತು ಲಾಭಕ್ಕಲ್ಲ. ಷೇರಿಗೆ ಹಾಕುವ ಹಣ ಮಗನ ಕಾಲೇಜು ಶುಲ್ಕಕ್ಕೆಂದು ಇಟ್ಟದ್ದಾಗಿದ್ದರೆ, ದಯವಿಟ್ಟು ಅದನ್ನು ಮುಟ್ಟಬೇಡಿ.

ಪ್ರಶ್ನೆ: ನಾನು ಆನ್‌ಲೈನ್ ಶಿಕ್ಷಣದ ಸ್ಟಾರ್ಟಪ್ ಒಂದರಲ್ಲಿ ಎಂಜಿನಿಯರ್. ಸಂಬಳದ ಒಂದು ಭಾಗದ ಬದಲು ಕಂಪನಿಯ ಷೇರು (ಇಸಾಪ್) ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ಕಂಪನಿಯ ಮೌಲ್ಯ ಎರಡು ವರ್ಷದಲ್ಲಿ ಮೂರು ಪಟ್ಟಾಗಿದೆಯಂತೆ.
– ಓದುಗರು, ಬೆಂಗಳೂರು

ಉತ್ತರ: ಆ ‘ಮೌಲ್ಯ’ ಕೊನೆಯ ಸುತ್ತಿನಲ್ಲಿ ಒಬ್ಬ ಹೂಡಿಕೆದಾರ ಕೆಲವೇ ಷೇರುಗಳಿಗೆ ಕೊಟ್ಟ ಬೆಲೆಯನ್ನು ಎಲ್ಲ ಷೇರುಗಳಿಗೂ ಗುಣಿಸಿ ಹೇಳಿದ ಸಂಖ್ಯೆ. ಆ ಹೂಡಿಕೆದಾರನ ಷೇರಿಗೆ ಸಾಮಾನ್ಯವಾಗಿ ಮೊದಲ ಹಕ್ಕು ಇರುತ್ತದೆ: ಅವನು 100 ಕೋಟಿ ಹಾಕಿದ್ದು, ಕಂಪನಿ ಕೊನೆಗೆ 80 ಕೋಟಿಗೆ ಮಾರಾಟವಾದರೆ, ಆ 80 ಕೋಟಿಯೂ ಅವನದೇ. ನಿಮ್ಮ ಸಾಮಾನ್ಯ ಷೇರಿಗೆ ಉಳಿಯುವುದು ಸೊನ್ನೆ. ನಿಮ್ಮದೇ ಊರಿನ ಬೈಜೂಸ್ ಕಂಪನಿಯ ಮೌಲ್ಯ 2022ರಲ್ಲಿ 22 ಶತಕೋಟಿ ಡಾಲರ್ ಎನಿಸಿಕೊಂಡಿತ್ತು. 2020–21ರ ಲೆಕ್ಕಪತ್ರ ವರ್ಷ ಮುಗಿದ 18 ತಿಂಗಳ ನಂತರ ಹೊರಬಂದಾಗ, 4,588 ಕೋಟಿ ರೂಪಾಯಿ ನಷ್ಟ ಕಂಡಿತು. 2023ರ ಜೂನ್‌ನಲ್ಲಿ ಲೆಕ್ಕಪರಿಶೋಧಕರಾದ ಡೆಲಾಯ್ಟ್ ರಾಜೀನಾಮೆ ಕೊಟ್ಟರು. 2024ರ ಜುಲೈನಲ್ಲಿ, ಕ್ರಿಕೆಟ್ ಮಂಡಳಿಗೆ ಬಾಕಿಯಿದ್ದ ಸುಮಾರು 158 ಕೋಟಿ ರೂಪಾಯಿಯ ಪ್ರಕರಣದಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ಅದರ ಮೇಲೆ ದಿವಾಳಿ ಪ್ರಕ್ರಿಯೆ ಆರಂಭಿಸಿತು. ದೊಡ್ಡ ಹೂಡಿಕೆದಾರ ಪ್ರೊಸಸ್ ತನ್ನ ಪಾಲಿನ ಬೆಲೆಯನ್ನು ಸೊನ್ನೆ ಎಂದೇ ಬರೆದುಕೊಂಡಿತು.

ಸಂಬಳವನ್ನು ಸಂಬಳವಾಗಿಯೇ ತೆಗೆದುಕೊಳ್ಳಿ. ಅದರ ಮೇಲೆ ಷೇರು ಕೊಟ್ಟರೆ ಬೇಡವೆನ್ನಬೇಡಿ. ಲೆಕ್ಕಪತ್ರ ಸಕಾಲಕ್ಕೆ ಸಲ್ಲಿಕೆಯಾಗಿದೆಯೇ ಎಂಬುದನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು.

ಪ್ರಶ್ನೆ: ನಮ್ಮ ಭಾಗದ ಕಾಲೇಜೊಂದರ ಆಡಳಿತ ಮಂಡಳಿಯವರು ಹೊಸ ಹಾಸ್ಟೆಲ್ ಕಟ್ಟಲು ಊರಿನ ಹಲವರಿಂದ ಕೈಸಾಲ ಎತ್ತುತ್ತಿದ್ದಾರೆ. ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿ, ಪ್ರಾಮಿಸರಿ ನೋಟ್ ಬರೆದುಕೊಡುತ್ತಾರೆ. ಅಡಿಕೆ ಮಾರಿದ 10 ಲಕ್ಷ ರೂಪಾಯಿ ಇದೆ. ವಿದ್ಯಾಸಂಸ್ಥೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂಬ ಧೈರ್ಯ ನನ್ನದು.
– ಕೃಷಿಕರು, ದಾವಣಗೆರೆ ಜಿಲ್ಲೆ

ಉತ್ತರ: ತಿಂಗಳಿಗೆ ಒಂದೂವರೆ ಎಂದರೆ ವರ್ಷಕ್ಕೆ ಶೇ 18. ಜಮೀನು ಮತ್ತು ಕಟ್ಟಡ ಇರುವ ಕಾಲೇಜಿಗೆ ಬ್ಯಾಂಕ್ ಅದಕ್ಕಿಂತ ಎಷ್ಟೋ ಕಡಿಮೆ ದರಕ್ಕೆ ಸಾಲ ಕೊಡುತ್ತದೆ. ಬ್ಯಾಂಕ್ ಬಿಟ್ಟು ನಿಮ್ಮ ಮನೆಗೆ ಬಂದಿದ್ದಾರೆ ಎಂದರೆ, ಬ್ಯಾಂಕ್ ಇನ್ನು ಕೊಡುವುದಿಲ್ಲ ಎಂದಿದೆಯೇ, ಆಸ್ತಿಯೆಲ್ಲ ಈಗಾಗಲೇ ಅಡಮಾನದಲ್ಲಿದೆಯೇ ಎಂದು ನೇರವಾಗಿ ಕೇಳುವ ಹಕ್ಕು ನಿಮಗಿದೆ. ಕಾಲೇಜು ಓಡಿಹೋಗುವುದಿಲ್ಲ, ಸರಿ. ಆದರೆ ಮುಳುಗಿದರೆ ಅಡಮಾನ ಪಡೆದ ಬ್ಯಾಂಕಿಗೆ ಮೊದಲ ಹಕ್ಕು; ಪ್ರಾಮಿಸರಿ ನೋಟ್ ಹಿಡಿದವರ ಸರದಿ ಕೊನೆಗೆ. ಆ ನೋಟಿಗೆ ಸಹಿ ಹಾಕುವವರು ಯಾರು ಎಂಬುದೂ ಮುಖ್ಯ. ಕಾರ್ಯದರ್ಶಿ ತಮ್ಮ ಸ್ವಂತ ಹೆಸರಿನಲ್ಲಿ ಬರೆದುಕೊಟ್ಟರೆ ಸಾಲಗಾರರು ಅವರೇ, ಕಾಲೇಜಲ್ಲ. ಸಂಸ್ಥೆಯ ಹೆಸರಿನಲ್ಲಿ ಬರೆದುಕೊಟ್ಟು ಆಡಳಿತ ಮಂಡಳಿಯ ಠರಾವು ಇಲ್ಲದಿದ್ದರೆ, ಮಂಡಳಿ ಬದಲಾದ ಮೇಲೆ ಹೊಸಬರು ನಮಗೆ ಗೊತ್ತಿಲ್ಲ ಎನ್ನಬಹುದು. ಚುನಾವಣೆ ನಡೆಯುವ ಸೊಸೈಟಿಗಳಲ್ಲಿ ಇದು ಬರಿಯ ಊಹೆಯ ಮಾತಲ್ಲ.

ಊರಿನ ಹಲವರಿಂದ ಹೀಗೆ ಹಣ ಎತ್ತುವುದಕ್ಕೆ ಕಾನೂನಿನ ತೊಡಕೂ ಇದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕೇಂದ್ರ ಕಾಯ್ದೆ ಮತ್ತು ಠೇವಣಿದಾರರ ಹಿತರಕ್ಷಣೆಗಾಗಿ ಬಂದ 2004ರ ಕರ್ನಾಟಕದ ಕಾಯ್ದೆ ಎರಡನ್ನೂ ಅವರು ಯೋಚಿಸಿದ್ದಾರೆಯೇ ಎಂದು ವಿಚಾರಿಸಿ. ವಕೀಲರ ಲಿಖಿತ ಅಭಿಪ್ರಾಯವಿದ್ದರೆ ನೋಡಿ. ಬಡ್ಡಿ ನಿಮ್ಮ ಕೈಯಲ್ಲಿ ಪೂರ್ತಿ ತೆರಿಗೆಗೆ ಒಳಪಡುವ ಆದಾಯ ಎಂಬುದು ನೆನಪಿರಲಿ. ಸಾಲವಾಗಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಅವರು ನಗದೇ ಬೇಕೆಂದು ಒತ್ತಾಯಿಸಿದರೆ ಮಾತು ಅಲ್ಲಿಗೇ ಮುಗಿಸಿ.

ಹಾಸ್ಟೆಲ್ ತುಂಬುವುದು ಕಾಲೇಜು ತುಂಬಿದರೆ ಮಾತ್ರ. ಕೋವಿಡ್ ವರ್ಷವಾದ 2020–21ಕ್ಕೆ ರಾಜ್ಯ ಸರ್ಕಾರ ಖಾಸಗಿ ಶಾಲೆಗಳ ಬೋಧನಾ ಶುಲ್ಕದಲ್ಲಿ ಶೇ 30 ಕಡಿತ ಮಾಡಬೇಕೆಂದು ಆದೇಶಿಸಿದಾಗ, ಸಾಲ ಮಾಡಿ ಕಟ್ಟಡ ಕಟ್ಟಿದ್ದ ಸಂಸ್ಥೆಗಳಿಗೆ ಎಲ್ಲರಿಗಿಂತ ಹೆಚ್ಚು ಪೆಟ್ಟು ಬಿತ್ತು. ಆದಾಯ ಇಳಿದರೂ ಕಂತು ಇಳಿಯಲಿಲ್ಲ. ಆ ಕಾಲೇಜಿನ ಇಬ್ಬರು ಮೂವರು ಅಧ್ಯಾಪಕರನ್ನು ಕಂಡು, ಸಂಬಳ ತಿಂಗಳ ಮೊದಲ ವಾರ ಆಗುತ್ತಿದೆಯೇ, ಪಿ.ಎಫ್. ಹಣ ಖಾತೆಗೆ ಜಮೆಯಾಗುತ್ತಿದೆಯೇ ಎಂದು ಕೇಳಿ. ಆಡಿಟರ್ ವರದಿಗಿಂತ ಮುಂಚೆಯೇ ಸತ್ಯ ತಿಳಿಯುವುದು ಅವರ ಪಾಸ್‌ಬುಕ್ಕಿನಲ್ಲಿ. ಸಂಬಳ ಮೂರು ತಿಂಗಳು ಹಿಂದೆ ಬಿದ್ದಿದ್ದರೆ ನಿಮ್ಮ 10 ಲಕ್ಷ ಹಾಸ್ಟೆಲ್‌ಗೆ ಹೋಗುವುದಿಲ್ಲ, ಹಳೆಯ ಬಾಕಿಗೆ ಹೋಗುತ್ತದೆ.

ಇಷ್ಟೆಲ್ಲ ಸರಿಯಿದ್ದು, ಊರಿನ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಆಗಲಿ ಎಂಬ ಕಾಳಜಿಯೂ ನಿಮಗಿದ್ದರೆ, ಕೊಡಬಹುದಾದ ಮೊತ್ತ ಎಷ್ಟೆಂದರೆ ಮರಳಿ ಬಾರದಿದ್ದರೂ ಮುಂದಿನ ವರ್ಷದ ಗೊಬ್ಬರಕ್ಕೂ ಮನೆಯ ಖರ್ಚಿಗೂ ತೊಂದರೆ ಆಗದಷ್ಟು. ಅದನ್ನು ಆರ್‌ಟಿಜಿಎಸ್ ಮೂಲಕ ಸಂಸ್ಥೆಯ ಖಾತೆಗೇ ಹಾಕಿ, ಮಂಡಳಿಯ ಠರಾವಿನ ದೃಢೀಕೃತ ಪ್ರತಿ ಮತ್ತು ಕಳೆದ ಮೂರು ವರ್ಷಗಳ ಲೆಕ್ಕಪರಿಶೋಧಿತ ಬ್ಯಾಲೆನ್ಸ್ ಶೀಟ್ ಪಡೆದುಕೊಳ್ಳಿ. ಉಳಿದ ಹಣ ಬ್ಯಾಂಕಿನ ಠೇವಣಿಯಲ್ಲಿರಲಿ.